ಮೂರನೇ ಸಲ ಕರೆಯುವವರು

ನಾನು ತರಗತಿಯಲ್ಲಿ ಹಾಜರಿ ಕರೆಯುವಾಗ ಒಂದೊಂದು ಹೆಸರನ್ನೂ ಮೂರು ಸಲ ಕರೆಯುತ್ತೇನೆ. ಮೊದಲ ಸಲಕ್ಕೇ ಹುಡುಗ ‘ಎಸ್ ಸರ್’ ಎಂದು ಕೂಗಿ, ಕೂತು, ಪಕ್ಕದವನ ಜೊತೆ ಹರಟೆ ಶುರು ಮಾಡಿದ್ದರೂ ಬಿಡುವುದಿಲ್ಲ. ಬಾಕಿ ಎರಡನ್ನೂ ಕರೆದು ಮುಗಿಸಿಯೇ ಮುಂದಿನ ಹೆಸರಿಗೆ ಹೋಗುವುದು. ಪಾಠದ ಹೊತ್ತಿನಲ್ಲಿ ಒಳ್ಳೆಯ ಪಾಲು ಹೀಗೆ ಹಾಜರಿಯಲ್ಲೇ ಸವೆದುಹೋಗುವುದರಿಂದ ವಿದ್ಯಾರ್ಥಿಗಳಿಗೆ ನನ್ನ ಮೇಲೆ ಅಪಾರ ಪ್ರೀತಿ. ಪ್ರೀತಿ ಇದ್ದ ಮಾತ್ರಕ್ಕೆ ಹಿಂದಿನಿಂದ ಆಡಿಕೊಳ್ಳಬಾರದು ಎಂದೇನಿಲ್ಲವಲ್ಲ. ಕೆಲವರ ಪ್ರಕಾರ ನನಗೆ ಕಿವಿ ಮಂದ. ಇನ್ನು ಕೆಲವರು, ನಮ್ಮಪ್ಪ ಅಡಿಕೆ ಮಂಡಿಯಲ್ಲಿ ಹರಾಜು ಕೂಗುತ್ತಿದ್ದಿರಬೇಕು, ಅದೇ ರಕ್ತ ಎಂದು ಸಂಶೋಧಿಸಿದ್ದಾರೆ. ಒಬ್ಬ ಮಹಾನುಭಾವ ಕಾರಿಡಾರಿನಲ್ಲಿ ನನ್ನದೇ ಅಣಕು ಮಾಡುವುದನ್ನು ಒಂದು ದಿನ ಕಂಬದ ಮರೆಯಲ್ಲಿ ನಿಂತು ಕೇಳಿದೆ. ಮೊದಲೆರಡು ಸಲ ಸರಿಯಾಗಿಯೇ ಕರೆದ. ಮೂರನೆಯದನ್ನು ಮಾತ್ರ ಗಂಟಲು ಕಟ್ಟಿದವನ ಹಾಗೆ ಕರೆದು, ‘ಮೂರನೇ ಸಲಕ್ಕೆ ಸರ್‌ಗೆ ಶೀತ ಆಗುತ್ತೆ ಕಣ್ರೋ’ ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹುಟ್ಟಿದಾಗಿನಿಂದ ಊರವರನ್ನೆಲ್ಲ ಅಣಕಿಸಿದ ನನಗೇ ಒಬ್ಬ ಗುರು ಹುಟ್ಟಿದನಲ್ಲ ಎಂಬ ಹೊಟ್ಟೆಕಿಚ್ಚು ಹಾಗಿರಲಿ. ನನ್ನ ಮೂರನೆಯ ಕರೆ ಬೇರೆ ಥರ ಕೇಳಿಸುತ್ತದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಈ ಮೂರರ ಚಟ ಎಲ್ಲಿಂದ ಅಂಟಿತು ಎಂದು ಹೇಳಬೇಕಾದರೆ ಶೃಂಗೇರಿಯ ನಮ್ಮ ಅಜ್ಜಿಯಿಂದ ಶುರು ಮಾಡಬೇಕು. ನಮ್ಮ ಮನೆ ಕೊಪ್ಪದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದೆ. ನಾನು ಆಡಿದ ಮೊದಲ ಮಾತು ‘ಅಮ್ಮ’ ಅಲ್ಲ, ‘ರೈಟ್ ರೈಟ್’ ಎಂದು ಅಪ್ಪ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ರಜೆ ಬಂತೆಂದರೆ ಶೃಂಗೇರಿಗೆ, ಅಮ್ಮನ ತವರಿಗೆ ಓಟ. ಅಲ್ಲಿ ಅಜ್ಜಿ ನನಗೆ ಕಲಿಸಿದ ಮೊದಲ ಪಾಠ ಇದು:

‘ಹೊತ್ತು ಮುಳುಗೋ ಹೊತ್ತಲ್ಲಿ ಯಾರಾದ್ರೂ ಕರೆದ್ರೆ ಓ ಅನ್ಬೇಡ ಮಾಣಿ. ಎರಡ್ನೇ ಸಲಕ್ಕೂ ಅನ್ಬೇಡ. ಮೂರ್ನೇ ಸಲ ಕರೆದ್ರೆ ಮಾತ್ರ ಅನ್ನು.’

‘ಎಂತಕ್ಕೆ ಅಜ್ಜಿ?’

‘ಅದಕ್ಕೆ ಮೂರು ಸಲ ಕರೆಯೋಕೆ ಬರೂದಿಲ್ಲ.’

‘ಅದು’ ಎಂದರೆ ಯಾವುದು ಎಂದು ಅಜ್ಜಿ ಕೊನೆಯವರೆಗೂ ಹೇಳಲಿಲ್ಲ. ಹೆಸರು ಹೇಳಿದರೆ ಕರೆದ ಹಾಗಾಗುತ್ತದಂತೆ. ನಾನು ಈ ನಿಯಮವನ್ನು ನನ್ನ ಅನುಕೂಲಕ್ಕೆ ಬಗ್ಗಿಸಿಕೊಂಡೆ. ಅಮ್ಮ ನೀರು ಸೇದಲು ಕರೆದಾಗ ಮೊದಲೆರಡು ಸಲಕ್ಕೆ ಓ ಅನ್ನುತ್ತಿರಲಿಲ್ಲ. ಮೂರನೇ ಸಲ ಅಮ್ಮ ಕರೆಯುತ್ತಿರಲಿಲ್ಲ, ಸೌಟಿನ ಜೊತೆ ತಾವೇ ಬರುತ್ತಿದ್ದರು. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ‘ಶೃಂಗೇರಿ ಶೃಂಗೇರಿ ಶೃಂಗೇರಿ’ ಎಂದು ಮೂರು ಸಲ ಕೂಗುವುದು ತಾವು ಮನುಷ್ಯರೇ ಎಂದು ಜನರಿಗೆ ಧೈರ್ಯ ಕೊಡಲಿಕ್ಕೆ ಎಂದು ಬಹಳ ಕಾಲ ನಂಬಿದ್ದೆ. ಒಂದೇ ಸಲ ‘ಬಾಳೆಹೊನ್ನೂರು’ ಎಂದು ಗೊಣಗಿ ಸುಮ್ಮನಾಗುವ ಒಬ್ಬನಿದ್ದ. ಅವನ ಬಸ್ಸನ್ನು ನಾನು ಯಾವತ್ತೂ ಹತ್ತಿದವನಲ್ಲ.

ಅಜ್ಜಿಯ ಎರಡನೆಯ ಪಾಠ ಬಂದದ್ದು ಅಜ್ಜ ತೀರಿಕೊಂಡ ಮೇಲೆ. ಅಜ್ಜನಿಗೆ ಬೆಳಿಗ್ಗೆ ಎದ್ದ ಕೂಡಲೇ ಗಂಟಲು ಸರಿಮಾಡಿಕೊಳ್ಳುವ ಒಂದು ಕ್ರಮವಿತ್ತು: ಎರಡು ಸಣ್ಣ ಕೆಮ್ಮು, ಒಂದು ಉದ್ದನೆಯ ಖ್ಯಾಕರಿಕೆ, ಕೊನೆಯಲ್ಲಿ ‘ಹೇ ರಾಮ’ ಎಂಬ ನಿಟ್ಟುಸಿರು. ಅದು ಕೇಳಿದರೆ ಅಜ್ಜಿ ತಂಬಿಗೆಯಲ್ಲಿ ಬಿಸಿನೀರು ಹಿಡಿದು ಹಿತ್ತಿಲ ಬಾಗಿಲಿಗೆ ಬರಬೇಕು. ಕರ್ಮಾಂತರವೆಲ್ಲ ಮುಗಿದು ನೆಂಟರು ಹೊರಟ ಮರುದಿನ, ಮನೆ ತೀರಾ ಸಪ್ಪೆಯಾಗಿದೆ ಎನ್ನಿಸಿ, ಬಚ್ಚಲ ಹಿಂದೆ ನಿಂತು ನಾನು ಆ ಕೆಮ್ಮನ್ನು ಮಾಡಿದೆ. ನಗಿಸುವ ಉದ್ದೇಶ. ಅಜ್ಜಿ ಬಂದರು. ತಂಬಿಗೆಯಲ್ಲಿ ಬಿಸಿನೀರು ಹೊಗೆಯಾಡುತ್ತಿತ್ತು. ಎಂದಿನ ಕಲ್ಲಿನ ಮೇಲೆ ಇಟ್ಟು, ‘ಬಿಸಿ ಜಾಸ್ತಿ ಉಂಟು, ನೋಡಿ’ ಎಂದು ಗಾಳಿಗೆ ಹೇಳಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಬಾಗಿಲು ದಾಟಿದ ಮೇಲೆ ನಿಂತರು. ತಿರುಗಿ ನೋಡಲಿಲ್ಲ. ಬೆನ್ನು ಹಾಕಿಕೊಂಡೇ, ‘ಮಾಣಿ, ನೀನೇ ಅಲ್ದ?’ ಎಂದರು.

ನನಗೆ ಓ ಅನ್ನುವ ಧೈರ್ಯ ಬರಲಿಲ್ಲ.

ಅವತ್ತು ಹೊಡೆತ ಬೀಳಲಿಲ್ಲ. ತಲೆಗೆ ಎಣ್ಣೆ ಹಚ್ಚುತ್ತಾ ಅಜ್ಜಿ ಇಷ್ಟೇ ಹೇಳಿದರು: ‘ಬದುಕಿರೋರ ಸ್ವರ ಎಷ್ಟು ಬೇಕಾದ್ರೂ ತೆಗಿ. ಸತ್ತವರದ್ದು ತೆಗೀಬೇಡ. ಸ್ವರ ಅಂದ್ರೆ ಖಾಲಿ ಮನೆ ಇದ್ದ ಹಾಗೆ. ಬಾಗಿಲು ತೆಗೆದಿಟ್ರೆ ಯಾರಾದ್ರೂ ಬಂದು ಕೂರ್ತಾರೆ.’

ಮುಂದೆ ನಾನು ಎಂ.ಎ.ಗೆ ಅಪರಾಧಶಾಸ್ತ್ರ ತೆಗೆದುಕೊಂಡಾಗ ಮನೆಯಲ್ಲಿ ಒಂದು ಸಣ್ಣ ಸಭೆಯೇ ಸೇರಿತು. ಕಳ್ಳರನ್ನು ಹಿಡಿಯಲು ಕಲಿಸುತ್ತಾರೋ, ಕದಿಯಲು ಕಲಿಸುತ್ತಾರೋ ಎಂದು ಚಿಕ್ಕಪ್ಪನ ಪ್ರಶ್ನೆ. ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿ, ‘ಎರಡರಲ್ಲಿ ಒಂದನ್ನಾದ್ರೂ ಸರಿಯಾಗಿ ಕಲಿ ಮಾರಾಯ’ ಎಂದು ಆಶೀರ್ವದಿಸಿದರು. ನಾನು ಆ ವಿಷಯ ಆರಿಸಿಕೊಂಡದ್ದು ಸಮಾಜಸೇವೆಗಾಗಿ ಎಂದು ಸಂದರ್ಶನಗಳಲ್ಲಿ ಹೇಳುತ್ತೇನೆ. ನಿಜವೆಂದರೆ ಬೇರೆ ವಿಷಯಗಳಲ್ಲಿ ಸೀಟು ತುಂಬಿತ್ತು.

ಎರಡನೆಯ ವರ್ಷ ನಮ್ಮ ಗೈಡು ನನ್ನನ್ನು ಘಟ್ಟದಿಂದ ಬಹಳ ದೂರದ, ಬಯಲುಸೀಮೆಯ ಒಂದು ದೊಡ್ಡ ಜೈಲಿಗೆ ಕ್ಷೇತ್ರಕಾರ್ಯಕ್ಕೆ ಕಳಿಸಿದರು. ‘ನೋಡು, ಕೇಳು, ಬಾಯಿ ಮುಚ್ಚಿಕೊಂಡಿರು’ ಎಂಬುದು ಅವರ ಉಪದೇಶ. ಮೊದಲೆರಡನ್ನು ಪಾಲಿಸಿದೆ. ಅಲ್ಲಿ ನಂಜೇಗೌಡರೆಂಬ ಹೆಡ್ ವಾರ್ಡರ್ ಇದ್ದರು. ಅವರ ಮೀಸೆಗಿಂತ ಸ್ವರ ದಪ್ಪ. ಬಂದ ವಾರದಲ್ಲೇ ಮರಗೆಲಸದ ಶೆಡ್ಡಿನ ಹಿಂದೆ ನಿಂತು ಅವರ ಸ್ವರದಲ್ಲಿ ‘ಎದ್ದೇಳ್ರಲೇ!’ ಎಂದು ಗದರಿದೆ. ಒಳಗೆ ತೂಕಡಿಸುತ್ತಿದ್ದ ವಾರ್ಡರೊಬ್ಬ ಎದ್ದು ಗೋಡೆಗೆ ಸೆಲ್ಯೂಟ್ ಹೊಡೆದ. ನಕ್ಕು ತಿರುಗಿದರೆ ನನ್ನ ಹಿಂದೆ ನಂಜೇಗೌಡರೇ ನಿಂತಿದ್ದಾರೆ.

‘ಚೆನ್ನಾಗ್ ಮಾಡ್ತೀರಿ ಮೇಷ್ಟ್ರೇ’ ಎಂದರು, ಕಾಲೇಜಿನಿಂದ ಬಂದವರೆಲ್ಲ ಅವರಿಗೆ ಮೇಷ್ಟ್ರು. ‘ಆದ್ರೆ ನಮ್ಗೆ ಕೊಡೋ ಸಂಬಳಕ್ಕೆ ಅಷ್ಟು ಜೋರಾಗಿ ಕೂಗಲ್ಲ ನಾವು.’

ಅಲ್ಲಿಂದ ಮುಂದೆ ನಾವು ಸ್ನೇಹಿತರು. ಸಂಜೆ ಬಂದಿಗಳನ್ನು ಬ್ಯಾರಕ್ಕಿಗೆ ಸೇರಿಸುವ ಮುಂಚೆ ನಂಜೇಗೌಡರು ಹೆಸರು ಕರೆಯುತ್ತಾರಲ್ಲ, ಅದನ್ನು ಪಕ್ಕದಲ್ಲಿ ನಿಂತು ನೋಡಲು ನನಗೆ ಅಪ್ಪಣೆಯಾಯಿತು. ಹೆಸರು ಕರೆದ ಕೂಡಲೇ ಉತ್ತರ ಬರಬೇಕು. ಉತ್ತರ ಬಂದರೆ ಒಬ್ಬ ಒಳಗಿದ್ದಾನೆ ಎಂದು ಲೆಕ್ಕ. ಒಂದರ ಹಿಂದೆ ಒಂದು ಹೆಸರು, ಒಂದರ ಹಿಂದೆ ಒಂದು ಓ, ಯಂತ್ರ ನಡೆದ ಹಾಗೆ ನಡೆಯುತ್ತಿತ್ತು.

‘ತಿಮ್ಮಪ್ಪ!’

ಯಂತ್ರ ನಿಂತಿತು.

‘ತಿಮ್ಮಪ್ಪ!’

ಮನುಷ್ಯ ಎಲ್ಲಿಯೂ ಹೋಗಿರಲಿಲ್ಲ, ಅವರ ಎದುರಿಗೇ ನಿಂತಿದ್ದ. ಐವತ್ತರ ಆಸುಪಾಸು, ಒಣಗಿದ ಮೈ. ನಂಜೇಗೌಡರ ಬಾಯಿಯನ್ನೇ ನೋಡುತ್ತಿದ್ದ, ಅದರೊಳಗಿನಿಂದ ಏನು ಹೊರಬರುತ್ತದೋ ಎಂದು ಕಾಯುವವನ ಹಾಗೆ.

‘ಲೇ ತಿಮ್ಮಪ್ಪಾ! ಕಿವೀಗೇನ್ ಹತ್ತಿ ಮಡಿಕ್ಕಂಡಿದೀಯಾ?’

‘ಓ’ ಎಂದ ತಿಮ್ಮಪ್ಪ.

ಶೃಂಗೇರಿಯ ಹಿತ್ತಿಲಿನಿಂದ ಇಷ್ಟು ದೂರ, ಈ ಎತ್ತರದ ಗೋಡೆಯ ಒಳಗೆ, ನಮ್ಮಜ್ಜಿಯ ಮಾತನ್ನು ಪಾಲಿಸುವ ಇನ್ನೊಬ್ಬ ಇದ್ದ.

ಇದು ದಿನಾ ನಡೆಯುವ ಕತೆ ಎಂದು ಆಮೇಲೆ ತಿಳಿಯಿತು. ಡಾಕ್ಟರು ಕಿವಿ ನೋಡಿ ಸರಿಯಾಗಿದೆ ಎಂದಿದ್ದರು. ಕಿವಿ ಸರಿ ಇದ್ದ ಮೇಲೆ ಕೊಬ್ಬು ಎಂದೇ ಅರ್ಥ. ಸನ್ನಡತೆ ಇಲ್ಲದ್ದರಿಂದ ಶಿಕ್ಷೆಯಲ್ಲಿ ರಿಯಾಯಿತಿ ಇಲ್ಲ, ಪೆರೋಲಿನ ಅರ್ಜಿಯನ್ನು ಮುಂದಕ್ಕೆ ಕಳಿಸುವ ಮಾತೂ ಇಲ್ಲ. ಅವನು ಕೇಳಿಯೂ ಇರಲಿಲ್ಲ.

ಮಾರನೆಯ ದಿನ ಜೈಲಿನ ತೋಟದಲ್ಲಿ ಬದನೆ ಪಾತಿ ಮಾಡುತ್ತಿದ್ದ ತಿಮ್ಮಪ್ಪನ ಪಕ್ಕ ಹೋಗಿ ಕೂತೆ. ‘ತಿಮ್ಮಪ್ಪ, ತಿಮ್ಮಪ್ಪ, ತಿಮ್ಮಪ್ಪ’ ಎಂದು ಒಂದೇ ಉಸಿರಿಗೆ ಕರೆದೆ.

ಗುದ್ದಲಿ ನಿಂತಿತು. ‘ಓ’ ಎಂದರು. ಆಮೇಲೆ ಮೊದಲ ಬಾರಿಗೆ ನನ್ನ ಮುಖ ನೋಡಿದರು. ‘ಯಾವೂರಾಯ್ತು ಸಾರ್?’

‘ಕೊಪ್ಪ.’

‘ಹಾಂಗೆ ಹೇಳಿ. ನಂದು ಎನ್.ಆರ್. ಪುರದ ಹತ್ರ. ಹಿನ್ನೀರಿನ ಬದಿ.’

‘ಅಲ್ಲ ತಿಮ್ಮಪ್ಪ, ನಮ್ಮ ಕಡೆ ಕಾಡಿದೆ, ಕತ್ತಲೆ ಇದೆ, ಸರಿ. ಇಲ್ಲಿ ಬೆಳಕಿರುವಾಗಲೇ, ನಂಜೇಗೌಡರಿಗೂ ಮೂರು ಸಲದ ನಿಯಮವಾ?’

‘ಒಂದು ಸಲ ತಪ್ಪಿದವನಿಗೆ ಹಗಲೇನು, ರಾತ್ರಿ ಏನು ಮಾರಾಯ್ರೇ’ ಎಂದರು.

ಅವರ ಕತೆ ಒಂದೇ ದಿನದಲ್ಲಿ ಬರಲಿಲ್ಲ. ಬದನೆ ಹೂ ಬಿಟ್ಟು ಕಾಯಿ ಆಗುವವರೆಗೆ ಚೂರು ಚೂರೇ ಬಂತು. ಜೋಡಿಸಿದರೆ ಇಷ್ಟು:

ಹಿನ್ನೀರಿನ ಒಂದು ಚಾಚು ಅವರ ಗದ್ದೆಯ ಅಂಚಿಗೇ ಬರುತ್ತದೆ. ಆಚೆ ದಡದಲ್ಲಿ ಚಂದ್ರಪ್ಪ ಎಂಬ ಗೆಳೆಯನ ಮನೆ. ಈಚೆ ಭತ್ತ ಕೊಯ್ಲಿಗೆ ಬಂದಾಗ ತಿಮ್ಮಪ್ಪ ಹಂದಿ ಕಾಯಲು ಕೋವಿ ಹಿಡಿದು ಅಟ್ಟಣೆಯ ಮೇಲೆ ಕೂರುವರು. ಚಂದ್ರಪ್ಪ ಎಷ್ಟೋ ಸಂಜೆ ಸಣ್ಣ ದೋಣಿಯಲ್ಲಿ ದಾಟಿ ಬಂದು, ದಡದಲ್ಲಿ ನಿಂತು, ‘ಕೂ... ತಿಮ್ಮಾ’ ಎಂದು ಮೂರು ಸಲ ಕರೆಯುವನು. ಕೋವಿ ಹಿಡಿದವನ ಹತ್ತಿರ ಹೋಗುವವರ ಕ್ರಮವೇ ಅದು. ಇವರು ‘ಓ’ ಅಂದ ಮೇಲೆಯೇ ಅವನು ಗದ್ದೆಗೆ ಕಾಲಿಡುವುದು.

‘ಅವತ್ತು ಮಂಜು ಬಿದ್ದಿತ್ತು ಸಾರ್. ಹೊತ್ತು ಮುಳುಗ್ತಿತ್ತು. ಕೂ ತಿಮ್ಮಾ ಅಂತ ಕೇಳ್ತು. ಚಂದ್ರನ ಸ್ವರವೇ. ಕಾದೆ. ಎರಡ್ನೇದು ಬರ್ಲಿಲ್ಲ. ಮೂರ್ನೇದೂ ಬರ್ಲಿಲ್ಲ. ಅಷ್ಟೊತ್ತಿಗೆ ಪೈರು ಅಲ್ಲಾಡ್ತು. ನನ್ನ ಕಡೆಗೇ ಬಂತು. ಚಂದ್ರನ ಸ್ವರ ತಗಂಡು ಬಂದದ್ದು ಚಂದ್ರ ಅಲ್ಲ ಅಂತ ಗೊತ್ತಾಯ್ತಲ್ಲ. ಹೊಡೆದೆ.’

ಅದು ಚಂದ್ರಪ್ಪನೇ ಆಗಿದ್ದ.

‘ಕೋರ್ಟಲ್ಲಿ ಲಾಯರು ಕೇಳಿದ್ರು. ಕರೆದದ್ದು ಕೇಳಿಸ್ತಾ? ಕೇಳಿಸ್ತು ಅಂದೆ. ಯಾರ ಸ್ವರ? ಚಂದ್ರಂದು ಅಂದೆ. ಆಮೇಲೂ ಹೊಡೆದ್ಯಾ? ಹೊಡೆದೆ ಅಂದೆ. ಅದಕ್ಕೆ ಸ್ವಲ್ಪ ದಿನ ಮುಂಚೆ ಎಮ್ಮೆ ಗದ್ದೆಗೆ ನುಗ್ಗಿದ್ದಕ್ಕೆ ನಮಗಿಬ್ಬರಿಗೂ ಮಾತು ಬಿಟ್ಟಿತ್ತು, ಅದನ್ನೂ ಎತ್ತಿದ್ರು. ಎಷ್ಟು ಸಲ ಕರೆದ ಅಂತ ಮಾತ್ರ ಒಬ್ರೂ ಕೇಳ್ಲಿಲ್ಲ.’

ನಾನು ನನ್ನ ನೋಟ್ಸಿನಲ್ಲಿ ‘ಅದ್ಭುತ!’ ಎಂದು ಬರೆದುಕೊಂಡೆ. ಸಂಶೋಧಕರ ಜಾತಿಯೇ ಹಾಗೆ. ಎದುರಿನವನ ಮನೆಗೆ ಬೆಂಕಿ ಬಿದ್ದರೆ ಮೊದಲು ಶೀರ್ಷಿಕೆ ಹೊಳೆಯುತ್ತದೆ. ತಿಮ್ಮಪ್ಪನಿಗೆ ಬೇಕಾಗಿದ್ದದ್ದು ನನ್ನ ಪ್ರಬಂಧವಲ್ಲ, ಬಿಡುಗಡೆಯೂ ಅಲ್ಲ.

‘ನೀವು ರಜೆಗೆ ಊರಿಗೆ ಹೋಗ್ತೀರಲ್ಲ, ನಂಗೊಂದು ಕೇಳ್ಕಂಡು ಬನ್ನಿ. ಚಂದ್ರನ ಹೆಂಡ್ತಿ ಗಿರಿಜ ಆ ಹೊತ್ತಿಗೆ ಆಚೆ ದಡದಲ್ಲೇ ಇರ್ತಾಳೆ. ಅವಳಿಗೆ ಕೇಳಿರ್ತದೆ. ಅವನು ಎಷ್ಟು ಸಲ ಕರೆದ ಅಂತ ಕೇಳಿ. ಒಂದೇ ಸಲ ಕರೆದಿದ್ರೆ ನಾನು ತಪ್ಪು ತಿಳ್ಕಂಡೆ ಅಂತ ಆಯ್ತು. ಮೂರು ಸಲ ಕರೆದು, ನನ್ನ ಕಿವಿಗೇ ಬೀಳದೇ ಹೋಗಿದ್ರೆ...’ ಗುದ್ದಲಿಯನ್ನು ಮಣ್ಣಿಗೆ ಒತ್ತಿದರು. ‘ಆಗ ಕೋರ್ಟು ಹೇಳಿದ್ದೇ ಸರಿ. ನಾನು ಕೊಂದವನು.’

ನಂಜೇಗೌಡರಿಗೆ ವಿಷಯ ತಿಳಿಸಿ, ತಿಮ್ಮಪ್ಪನನ್ನು ಬಿಡುವು ಕೊಡದೆ ಮೂರು ಸಲ ಕರೆಯಿರಿ ಎಂದು ಕೇಳಿಕೊಂಡೆ.

‘ನಾನೇನ್ ದೆವ್ವನೇನ್ರೀ ಮೇಷ್ಟ್ರೇ?’

‘ನೀವಲ್ಲ ಸಾರ್. ಆದ್ರೆ ಮೊದಲೆರಡು ಸಲಕ್ಕೆ ಅವರಿಗೆ ಗ್ಯಾರಂಟಿ ಸಿಗಲ್ಲ.’

ಅವರು ಮೀಸೆ ಸವರಿಕೊಂಡು ಯೋಚಿಸಿದರು. ‘ನಮ್ಮೂರಲ್ಲಿ ಬಾಗಿಲ ಮೇಲೆ ನಾಳೆ ಬಾ ಅಂತ ಬರೀತಿದ್ರು. ನಮ್ಮವ್ವನೂ ಬರ್ದಿದ್ಲು’ ಎಂದರು. ಅವತ್ತು ಸಂಜೆ ‘ತಿಮ್ಮಪ್ಪ ತಿಮ್ಮಪ್ಪ ತಿಮ್ಮಪ್ಪ’ ಎಂದು ನಮ್ಮ ಕೊಪ್ಪದ ಕಂಡಕ್ಟರುಗಳ ಹಾಗೆ ಕರೆದರು. ಅದು ಜೈಲಿನಲ್ಲಿ ನಾನು ಮಾಡಿದ ಏಕೈಕ ಸುಧಾರಣೆ.

ಬೇಸಿಗೆ ರಜೆಗೆ ಬಂದವನು ಕೊಪ್ಪದಿಂದ ಎನ್.ಆರ್. ಪುರದ ಬಸ್ಸು ಹತ್ತಿದೆ. ಅಲ್ಲಿಂದ ಒಂದು ಜೀಪು, ಆಮೇಲೆ ನಡಿಗೆ. ಹಿನ್ನೀರು ಇಳಿದಿತ್ತು. ನೀರಿನಲ್ಲಿ ಮುಳುಗಿದ್ದ ಹಳೆಯ ಕಾಡಿನ ಬೊಡ್ಡೆಗಳು ಬೂದು ಬಣ್ಣದಲ್ಲಿ ಸಾಲಾಗಿ ಮೇಲೆದ್ದಿದ್ದವು. ಅವುಗಳ ನಡುವೆ ಒಂದು ಹಳೆಯ ರಸ್ತೆ ಕೆಸರಿನಿಂದ ಎದ್ದು, ಸ್ವಲ್ಪ ದೂರ ನೆಟ್ಟಗೆ ಹೋಗಿ, ಮತ್ತೆ ನೀರಿಗೇ ಇಳಿಯುತ್ತಿತ್ತು. ಯಾರೋ ನಡೆದುಹೋಗಿ ಈಗಷ್ಟೇ ತಲೆ ಮುಳುಗಿದೆ ಎನ್ನುವ ಹಾಗೆ. ನನಗೆ ಏನಾದರೂ ತಮಾಷೆ ಮಾಡಬೇಕು ಅನ್ನಿಸಿತು. ಜೊತೆಯಲ್ಲಿ ಯಾರೂ ಇರಲಿಲ್ಲ.

ಗಿರಿಜಕ್ಕ ದಡದಲ್ಲಿ ಪಾತ್ರೆ ಬೆಳಗುತ್ತಿದ್ದರು. ಯಾರು ಕಳಿಸಿದ್ದು ಎಂದು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೂದಿ ಹತ್ತಿದ ಕೈಯನ್ನು ನಿಧಾನವಾಗಿ ತೊಳೆದುಕೊಂಡು, ‘ಹೆಂಗಿದಾನೆ?’ ಎಂದರು.

‘ಬದನೆ ಬೆಳೀತಿದಾರೆ ಅಕ್ಕ. ಒಂದು ಮಾತು ಕೇಳ್ಕಂಡು ಬಾ ಅಂದ್ರು. ಅವತ್ತು ಚಂದ್ರಪ್ಪನವರು ಎಷ್ಟು ಸಲ ಕರೆದರು ಅಂತ.’

‘ಎಲ್ಲಿ ಕರೆದದ್ದು?’

‘ಆಚೆ ದಡದಲ್ಲಿ. ಗುಂಡು ಹಾರೋದಕ್ಕೆ ಮುಂಚೆ.’

ಗಿರಿಜಕ್ಕ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. ‘ಕರೆಯೋದು ಎಲ್ಲಿಂದ ತಮ್ಮಾ? ಅವರಿಗೆ ವಾರದಿಂದ ಗಂಟಲು ಕಟ್ಟಿ ಸ್ವರವೇ ಇರ್ಲಿಲ್ಲ. ನೀರು ಬೇಕಾದ್ರೂ ಕೈಸನ್ನೆ. ಮೀನು ಸಿಕ್ಕಿತ್ತು, ತಿಮ್ಮಂಗೆ ಕೊಟ್ಟು ಮಾತಾಡಿಸಿ ಬತ್ತೆ, ಸಿಟ್ಟು ಎಷ್ಟು ದಿನ ಇಟ್ಕಣೋದು ಅಂತ ಹೊರಟ್ರು. ಕರೆಯೋಕೆ ಆಗಲ್ಲ, ನಾಳೆ ಹೋಗಿ ಅಂದೆ. ಹತ್ರ ಹೋದ್ರೆ ತಿಮ್ಮ ಗುರುತು ಹಿಡೀದೇ ಇರ್ತಾನಾ ಅಂತ ಪಿಸುಗುಟ್ಟಿ ಹೋದ್ರು.’

‘ಕೋರ್ಟಲ್ಲಿ ಇದನ್ನ ಹೇಳಲಿಲ್ವಾ?’

‘ಯಾರು ಕೇಳಿದ್ರು? ಗಂಡನ ಹೆಣವಾ ಅಂತ ಕೇಳಿದ್ರು, ಹೌದು ಅಂದೆ. ಕರೆದದ್ದು ಕೇಳ್ತು ಅಂತ ಅವನು ಹೇಳಿದಾನೆ ಅನ್ನೋದೇ ನಂಗೆ ಇವತ್ತು ಗೊತ್ತಾದದ್ದು.’ ನೀರಿನ ಕಡೆ ತಿರುಗಿದರು. ‘ನೀರಿನ ಮೇಲೆ ಆಚೆ ದಡದ ಕೆಮ್ಮು ಕೂಡ ಕೇಳ್ತದೆ ಇಲ್ಲಿಗೆ. ನಾನು ಇಲ್ಲೇ ಕೂತಿದ್ದೆ. ಗುಂಡಿನ ಸದ್ದು ಕೇಳ್ತು. ಅದಕ್ಕೆ ಮುಂಚೆ ಎಂತದೂ ಇಲ್ಲ.’

ಬಿಸಿಲು ಇಳಿಯುತ್ತಿತ್ತು. ಒಂದು ಕರೆ ಎಂದರೆ ಮನುಷ್ಯನಲ್ಲ, ಮೂರು ಎಂದರೆ ಮನುಷ್ಯ. ಸೊನ್ನೆಗೆ ಅಜ್ಜಿಯ ಬಳಿಯೂ ನಿಯಮವಿರಲಿಲ್ಲ.

‘ಹೆಂಗೆ ಕರೆದ್ರು ಅಂದ ತಿಮ್ಮ?’ ಗಿರಿಜಕ್ಕ ಕೇಳಿದರು.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ತಿಮ್ಮಪ್ಪ ಆ ಕರೆಯನ್ನು ನನಗೆ ಎಷ್ಟೋ ಸಲ ಮಾಡಿ ತೋರಿಸಿದ್ದರು. ಅದು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಅಣಕಿಸುವವನ ನಾಲಗೆ ಹಸಿದ ನಾಯಿ, ಹಾಕಿದ್ದನ್ನು ಬಿಡುವುದಿಲ್ಲ. ನಾನು ತೆಗೆಯುತ್ತಿರುವುದು ಬದುಕಿರುವ ತಿಮ್ಮಪ್ಪನ ಸ್ವರ, ಸತ್ತವನದಲ್ಲ ಎಂದು ಅಜ್ಜಿಗೆ ಮನಸ್ಸಿನಲ್ಲೇ ಸಮಜಾಯಿಷಿ ಕೊಟ್ಟೆ. ಆಚೆ ದಡಕ್ಕೆ ಮುಖ ಮಾಡಿ ಕರೆದೆ.

‘ಕೂ... ತಿಮ್ಮಾ!’

ಅದು ನೀರಿನ ಮೇಲೆ ಉರುಳಿ ಹೋಯಿತು. ಬೊಡ್ಡೆಯೊಂದರ ಮೇಲಿದ್ದ ನೀರುಕಾಗೆ ಹಾರಿತು. ತಿರುಗಿ ನೋಡಿದರೆ ಗಿರಿಜಕ್ಕ ಎದ್ದು ನಿಂತಿದ್ದಾರೆ, ಸೆರಗು ತಲೆಯ ಮೇಲೆ ಬಂದಿದೆ, ಒದ್ದೆ ಕೈಯಲ್ಲಿ ತಂಬಿಗೆ. ಶೃಂಗೇರಿಯ ಹಿತ್ತಿಲ ಕಲ್ಲು ನನ್ನ ಕಣ್ಣೆದುರು ಬಂತು.

‘ಅವರೇ’ ಎಂದರು. ಆಮೇಲೆ ಗಾಬರಿಯಿಂದ, ‘ಇನ್ನೆರಡು ಸಲ ಕರಿ. ಒಂದಕ್ಕೇ ಬಿಡಬೇಡ ತಮ್ಮಾ. ಒಂದಕ್ಕೆ ಬಿಡಬಾರದು.’

ಬಾಯಿ ತೆರೆದೆ. ಸ್ವರ ಬರಲಿಲ್ಲ. ಉಗುಳು ನುಂಗಿ ಮತ್ತೆ ತೆರೆದೆ. ಕೊಪ್ಪ, ಶೃಂಗೇರಿ, ಬಯಲುಸೀಮೆ ಎಲ್ಲೆಡೆಯ ಬಾಯಿಬಡುಕ ಎಂದು ಹೆಸರಾದವನ ಗಂಟಲಿನಿಂದ ಬರೀ ಗಾಳಿ ಬಂತು. ಎರಡು ಕರೆ ಬಾಕಿ ಉಳಿದವು. ಗಿರಿಜಕ್ಕ ನನಗೆ ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟರು. ಚಂದ್ರಪ್ಪ ಹೋದ ಮೇಲೆ ಅದನ್ನು ಮಾಡಿದ್ದು ಇದೇ ಮೊದಲಂತೆ. ಹೊರಡುವಾಗ ನಾನು ಕೇಳದೆಯೇ ಹೇಳಿದರು: ‘ಪೆರೋಲಿಗೋ ಎಂತಕ್ಕೋ ನನ್ನ ಒಪ್ಪಿಗೆ ಬೇಕು ಅಂತಾದ್ರೆ ಬರಕಂಡು ಬರ್ಲಿ, ಹೆಬ್ಬೆಟ್ಟು ಒತ್ತುತೀನಿ. ಆಚೆ ದಡ ದೀಪ ಇಲ್ದೆ ಸಾಕಾಗಿದೆ.’

ಸ್ವರ ಮರಳಿದ್ದು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಒಂದು ರಾತ್ರಿ ಕಳೆದ ಮೇಲೆ. ಮನೆಯವರು ಆ ರಾತ್ರಿ ಬಹಳ ನೆಮ್ಮದಿಯಿಂದ ಇದ್ದೆವು ಎಂದು ಇವತ್ತಿಗೂ ನೆನೆಯುತ್ತಾರೆ.

ತಿಮ್ಮಪ್ಪನಿಗೆ ಏನು ಹೇಳುವುದು? ‘ಒಂದೇ ಸಲ ಕರೆದರಂತೆ’ ಎಂದು ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ಜೈಲಿಗೆ ವಾಪಸಾಗುವ ದಾರಿಯುದ್ದಕ್ಕೂ ಆ ಸುಳ್ಳನ್ನು ಬೇರೆ ಬೇರೆ ಸ್ವರದಲ್ಲಿ ಅಭ್ಯಾಸ ಮಾಡಿದೆ. ಬದನೆ ಪಾತಿಯ ಪಕ್ಕ ಅವರ ಮುಖ ನೋಡಿದಾಗ ಅದು ಯಾವ ಸ್ವರದಲ್ಲಿಯೂ ಹೊರಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಕೈಯ ಮಣ್ಣನ್ನು ಉಜ್ಜಿಕೊಂಡರು.

‘ಹಂಗಾರೆ ಕರೆದದ್ದು ಮನುಷ್ಯ ಅಲ್ಲವೇ ಅಲ್ಲ. ನಾನು ಸರಿಯಾಗೇ ತಿಳ್ಕಂಡಿದ್ದೆ’ ಎಂದರು. ಗುದ್ದಲಿಯನ್ನು ಬದಿಗಿಟ್ಟು, ‘ಸರಿಯಾಗಿ ತಿಳ್ಕಂಡೂ ಅವನನ್ನೇ ಹೊಡೆದೆನಲ್ಲ ಮಾರಾಯ್ರೇ.’

ಕರೆದದ್ದೇ ಬೇರೆ, ಬಂದದ್ದೇ ಬೇರೆ. ಸ್ವರ ಇಲ್ಲದ ಗೆಳೆಯ ಮೀನು ಹಿಡಿದು ಪೈರಿನ ನಡುವೆ ಬರುತ್ತಿದ್ದಾಗ, ಅವನ ಸ್ವರವನ್ನು ಇನ್ನೇನೋ ಎತ್ತಿಕೊಂಡು ಒಂದೇ ಒಂದು ಸಲ ಕರೆದು ಸುಮ್ಮನಾಗಿತ್ತು. ಅಥವಾ ಮಾತು ಬಿಟ್ಟ ಗೆಳೆಯ ಕರೆಯಲಿ ಎಂದು ಕಾದು ಕಾದು ಇವರ ಕಿವಿಯೇ ಕರೆದಿತ್ತೋ. ಅಪರಾಧಶಾಸ್ತ್ರದಲ್ಲಿ ಇದಕ್ಕೆ ಏನೋ ಒಂದು ಹೆಸರಿದೆ. ಆ ತೋಟದಲ್ಲಿ ಅದು ನನಗೆ ನೆನಪಾಗಲಿಲ್ಲ.

‘ನೀವು ಅಲ್ಲಿ ಒಂದು ಸಲ ಕರೆದ್ರಿ ಅಂದ್ರಲ್ಲ’ ಎಂದರು ತಿಮ್ಮಪ್ಪ. ‘ಇನ್ನೆರಡು ಬಾಕಿ ಇದೆ. ಅವನಿಗೆ ಸ್ವರ ಇರ್ಲಿಲ್ಲ. ನೀವು ಕೊಡಿ.’

ಅಜ್ಜಿಯ ಎರಡನೆಯ ಪಾಠ ನೆನಪಿತ್ತು. ಸುತ್ತ ನೋಡಿದೆ. ಬಾವಿಯ ಕಟ್ಟೆಯ ಹತ್ತಿರ ನಂಜೇಗೌಡರು ಬೆನ್ನು ತಿರುಗಿಸಿ ನಿಂತಿದ್ದರು. ಕೇಳಿಸಿಕೊಂಡೂ ಕೇಳಿಸದವರ ಬೆನ್ನು ಅದು. ಎದ್ದು, ಗೋಡೆಯ ಕಡೆ ಹತ್ತು ಹೆಜ್ಜೆ ಹೋಗಿ, ತಿರುಗಿ ಕರೆದೆ.

‘ಕೂ... ತಿಮ್ಮಾ!’

ಇದು ತಿಮ್ಮಪ್ಪ ಕಲಿಸಿದ ಹಾಗೆಯೇ ಬಂತು. ಉಸಿರು ತೆಗೆದುಕೊಂಡು ಮೂರನೆಯದಕ್ಕೆ ಬಾಯಿ ತೆರೆದೆ. ಆಗ ಬಂದದ್ದು ನಾನು ಕಲಿತ ಕರೆಯಲ್ಲ. ಒಡೆದ, ಗಾಳಿಯೇ ಹೆಚ್ಚಾದ, ಒಂದು ವಾರದಿಂದ ಗಂಟಲು ಕಟ್ಟಿದವನು ಇದ್ದ ಶಕ್ತಿಯನ್ನೆಲ್ಲ ಹಾಕಿ ಕರೆದಂಥ ಕರೆ. ನಾನು ಆ ಸ್ವರವನ್ನು ಎಲ್ಲಿಯೂ ಕೇಳಿರಲಿಲ್ಲ. ಕೇಳದೆ ಇರುವುದನ್ನು ಅಣಕಿಸುವ ವಿದ್ಯೆ ನನಗೆ ಬರುವುದಿಲ್ಲ.

‘ಓ!’ ಎಂದರು ತಿಮ್ಮಪ್ಪ. ಎದ್ದು ನಿಂತಿದ್ದರು. ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಭುಜದ ಪಕ್ಕ, ಸ್ವಲ್ಪ ಹಿಂದಕ್ಕೆ. ‘ಬಾ ಮಾರಾಯ. ಪೈರಿನ ಒಳಗೆ ಬರಬೇಡ. ಬದುವಿನ ಮೇಲೆ ಬಾ.’

ನಾನು ತಿರುಗಿ ನೋಡಲಿಲ್ಲ. ಅಜ್ಜಿ ಯಾಕೆ ತಿರುಗಿರಲಿಲ್ಲ ಎಂದು ಅವತ್ತು ತಿಳಿಯಿತು.

ಆ ಸಂಜೆ ನಂಜೇಗೌಡರು ಅಭ್ಯಾಸದಂತೆ ಮೂರು ಸಲ ಕರೆಯಲು ಬಾಯಿ ತೆರೆದಿದ್ದರು. ಮೊದಲ ‘ತಿಮ್ಮಪ್ಪ’ ಮುಗಿಯುವುದರೊಳಗೆ ‘ಓ’ ಬಂತು. ಅಲ್ಲಿಂದ ಮುಂದೆ ದಿನಾ ಹಾಗೆಯೇ. ‘ಏನ್ ಮದ್ದು ಹಾಕಿದ್ರಿ ಮೇಷ್ಟ್ರೇ?’ ಎಂದು ನಂಜೇಗೌಡರು ನನ್ನನ್ನು ಕೇಳಿದರಾದರೂ, ಉತ್ತರ ಬೇಕಿಲ್ಲ ಎಂಬಂತೆ ಬೇಗನೆ ಬೇರೆ ಕಡೆ ಹೋದರು. ಸನ್ನಡತೆ ಬಂತು, ಗಿರಿಜಕ್ಕನ ಹೆಬ್ಬೆಟ್ಟು ಬಂತು, ಮೊದಲು ಪೆರೋಲು, ಬಹಳ ಕಾಲವಾದ ಮೇಲೆ ಬಿಡುಗಡೆ. ಕರೆದಾಗ ಮನುಷ್ಯ ಯಾಕೆ ಓಗೊಡುವುದಿಲ್ಲ ಎಂಬುದರ ಮೇಲೆ ನಾನು ಪಿಎಚ್.ಡಿ. ಮಾಡಿದೆ. ‘ಇಡೀ ಪ್ರಬಂಧ ಒಬ್ಬ ಮನುಷ್ಯನ ಮೇಲೆ ನಿಂತಿದೆ’ ಎಂದು ಗೈಡು ದೂರಿದರು. ಇಬ್ಬರ ಮೇಲೆ ಎಂದು ನನಗೆ ಮಾತ್ರ ಗೊತ್ತು. ಅದೇ ಪ್ರಬಂಧ ನನಗೆ ಈ ಮೇಷ್ಟ್ರ ಕೆಲಸ ಕೊಡಿಸಿದೆ.

ತಿಮ್ಮಪ್ಪ ಈಗ ಮೊಬೈಲು ಇಟ್ಟುಕೊಂಡಿದ್ದಾರೆ. ಒಂದು ರಿಂಗಿಗೆ ಕತ್ತರಿಸುತ್ತಾರೆ, ಮತ್ತೆ ಒಂದು ರಿಂಗು, ಮೂರನೇ ಸಲಕ್ಕೆ ನಾನು ಎತ್ತುತ್ತೇನೆ. ಗಿರಿಜಕ್ಕ ದಿನಾ ಸಂಜೆ ಆಚೆ ದಡದಿಂದ ಮೂರು ಸಲ ಕರೆಯುತ್ತಾರಂತೆ. ಊಟ ಆಯಿತಾ ಎಂದು ಕೇಳಲಿಕ್ಕೆ, ಅಷ್ಟೇ. ಮಧ್ಯೆ ನೀರಿದೆ. ಇಬ್ಬರೂ ದಾಟುವುದಿಲ್ಲ.

ಮೊನ್ನೆ ಹಾಜರಿ ಕರೆಯುವಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದೆ. ಈ ವರ್ಷ ಸೇರಿದವಳು. ಎಲ್ಲರೂ ಮೊದಲ ಸಲಕ್ಕೇ ‘ಎಸ್ ಸರ್’ ಅಂದರೆ ಇವಳು ಮಾತ್ರ ಎರಡು ಸಲಕ್ಕೂ ಸುಮ್ಮನಿದ್ದು, ಮೂರನೆಯದಕ್ಕೆ ‘ಓ’ ಅನ್ನುತ್ತಾಳೆ.

‘ಯಾವೂರಮ್ಮಾ?’

‘ಎನ್.ಆರ್. ಪುರದ ಹತ್ರ ಸರ್. ಹಿನ್ನೀರಿನ ಬದಿ.’

‘ಮೂರು ಸಲದ ನಿಯಮವಾ? ಅಜ್ಜಿ ಹೇಳಿಕೊಟ್ಟಿದ್ದಾ?’ ಎಂದು ನಮ್ಮ ಕಡೆಯ ಮುದುಕಿಯರ ರಾಗದಲ್ಲಿ ಕೇಳಿದೆ. ತರಗತಿ ನಕ್ಕಿತು.

ಅವಳು ನಗಲಿಲ್ಲ. ‘ಅದಲ್ಲ ಸರ್. ಮೊದಲೆರಡು ಸಲ ನೀವು ಕರೀತೀರಿ. ಆದ್ರೆ ಮೂರ್ನೇದು ನಮ್ಮ ಕಡೆಯವರು ಯಾರೋ ಕರೆದ ಹಾಗಿರುತ್ತೆ. ದೂರದಿಂದ. ಅದಕ್ಕೆ ಓ ಅನ್ನದೇ ಇರೋಕೆ ಆಗಲ್ಲ.’

ಕೂತ್ಕೋ ಎಂದು ಕೈಸನ್ನೆ ಮಾಡಿ, ಮುಂದಿನ ಹೆಸರಿಗೆ ಹೋದೆ. ಒಂದು ಸಲ ಕರೆದೆ. ಎರಡನೇ ಸಲ ಕರೆದೆ. ಆಮೇಲೆ ಬಾಯಿ ತೆರೆದು, ಚಂದ್ರಪ್ಪನವರಿಗೆ ದಾರಿ ಬಿಟ್ಟೆ.